ಹೂದೋಟದ ಕೆಳಗಿನ ರೈಲು: ವಾಲ್ಟ್ ಡಿಸ್ನಿಯ ಇನ್ನೊಂದು ಕಥೆ

ವಾಲ್ಟ್ ಡಿಸ್ನಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮಿಕ್ಕಿ ಮೌಸ್, ಆಮೇಲೆ ಡಿಸ್ನಿಲ್ಯಾಂಡ್. ಟಿವಿ ಮುಂದೆ ಕೂತು ಕಾರ್ಟೂನ್ ನೋಡಿ ಬೆಳೆದ ನಮ್ಮ ಬ್ಯಾಚಿನವರಿಗಂತೂ ಡಿಸ್ನಿ ಅಂದ್ರೆ ಒಂದು ಚಾನೆಲ್ಲಿನ ಹೆಸರು. ಆ ಹೆಸರಿನ ಮನುಷ್ಯ ಒಬ್ಬರಿದ್ದರು, ಅವರಿಗೆ ರೈಲಿನ ಹುಚ್ಚಿತ್ತು, ಹಾಲಿವುಡ್‌ನ ದೊಡ್ಡ ಸ್ಟುಡಿಯೋದ ಯಜಮಾನರಾಗಿದ್ದಾಗಲೇ ಮನೆಯ ಹಿತ್ತಲಲ್ಲಿ ಪುಟ್ಟ ಹಳಿ ಹಾಕಿಸಿ, ಹೆಂಡತಿಯ ಹೂದೋಟದ ಕೆಳಗೆ 27 ಮೀಟರ್ ಸುರಂಗ ಮಾಡಿಸಿ, ಕಲ್ಲಿದ್ದಲು ಉರಿಸಿ ಓಡೋ ಉಗಿಬಂಡಿ ಬಿಟ್ಟಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅವರ ಸಿನಿಮಾಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಈ ಸಲ ನಾವು ಅವರ ಜೀವನವನ್ನು ಹಳಿಗಳ ಕಡೆಯಿಂದ ನೋಡೋಣ ಅಂತ ಹೊರಟಿದ್ದೇವೆ.

ಜಾಗ ಸಾಲದಾಗ ನೆಲದ ಕೆಳಗೆ

ಮೊದಲು ಈ ಹವ್ಯಾಸದ ಬಗ್ಗೆ ಸ್ವಲ್ಪ ಹೇಳಬೇಕು. ಮಾಡೆಲ್ ರೈಲು ಅಂದ್ರೆ ಮಕ್ಕಳ ಕೀಲಿ ಕೊಡೋ ಆಟಿಕೆ ಅಲ್ಲ. ನಿಜವಾದ ರೈಲಿನ ಪ್ರತಿ ಅಳತೆಯನ್ನೂ ಒಂದೇ ಸ್ಕೇಲಿನಲ್ಲಿ ಇಳಿಸಿ ಮಾಡಿದ್ದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರೋ ಎಚ್‌ಒ ಸ್ಕೇಲ್ 1:87. ಅದರಲ್ಲಿ ಎರಡು ಹಳಿಗಳ ನಡುವಿನ ಅಂತರ ಬರೀ 16.5 ಮಿಲಿಮೀಟರ್. ಪ್ಲೈವುಡ್ ಮೇಲೆ ಹಳಿ, ಗುಡ್ಡ, ಸೇತುವೆ, ಸ್ಟೇಷನ್ ಎಲ್ಲ ಜೋಡಿಸಿದರೆ ಅದನ್ನು ಲೇಔಟ್ ಅಂತಾರೆ.

ಲೇಔಟ್ ಮಾಡೋರಿಗೆಲ್ಲ ಬರೋ ಕಷ್ಟ ಒಂದೇ: ಜಾಗ. ಉದ್ದನೆಯ ಬೋಗಿ ಬಿಗಿ ತಿರುವಿನಲ್ಲಿ ಹಳಿ ತಪ್ಪುತ್ತೆ, ಅದಕ್ಕೆ ತಿರುವು ದೊಡ್ಡದಾಗಿರಬೇಕು, ದೊಡ್ಡ ತಿರುವಿಗೆ ರೂಮು ಸಾಲಲ್ಲ. ಅಮೆರಿಕದಲ್ಲಿ ಎಷ್ಟೋ ಮನೆಗಳ ಮರದ ನೆಲ ಮಣ್ಣಿನಿಂದ ಎರಡು ಮೂರು ಅಡಿ ಮೇಲಿರುತ್ತೆ. ನಡುವಿನ ಆ ಕತ್ತಲ ಜಾಗದಲ್ಲಿ ನಿಲ್ಲೋಕೆ ಆಗಲ್ಲ, ಅಂಬೆಗಾಲಿಟ್ಟೇ ಹೋಗಬೇಕು. ಅದಕ್ಕೆ ಕ್ರಾಲ್‌ಸ್ಪೇಸ್ ಅಂತಲೇ ಹೆಸರು. ರೂಮು ತುಂಬಿದ ಮೇಲೆ ಹವ್ಯಾಸಿಗಳು ಗೋಡೆಗೆ ತೂತು ಕೊರೆದು ಹಳಿಯನ್ನು ಅಲ್ಲಿಗೆ ಒಯ್ಯುತ್ತಾರೆ. ಅಲ್ಲಿ ತೇವ, ಧೂಳು, ಬೆಳಕಿಲ್ಲ, ಒಳಗೆ ರೈಲು ಬಿದ್ದರೆ ಮೊಣಕಾಲು ಮೊಣಕೈ ಊರಿ ಹೋಗಿ ಎತ್ತಬೇಕು. ಆದರೂ ಮಾಡ್ತಾರೆ, ಯಾಕಂದ್ರೆ ಸುರಂಗದೊಳಗೆ ಹೋದ ರೈಲು ಸ್ವಲ್ಪ ಹೊತ್ತು ಬಿಟ್ಟು ಬಂದರೆ ಅದು ಬೇರೆ ಊರಿಗೆ ಹೋಗಿ ಬಂದಂಗೆ ಕಾಣುತ್ತೆ.

ನಮ್ಮ ಕಡೆ ಮನೆಗಳಿಗೆ ಇಂಥ ಜಾಗ ಇಲ್ಲ. ನೆಲದಡಿ ಅಂದ್ರೆ ನಮಗೆ ಗೊತ್ತಿರೋದು ಜೋಳ ತುಂಬಿಡೋ ಹಗೇವು. ಅಜ್ಜಂದಿರ ಕಾಲದಲ್ಲಿ ಅದರೊಳಗೆ ಇಳಿಯೋದಕ್ಕೂ ಒಂದು ಧೈರ್ಯ ಬೇಕಿತ್ತು. ಡಿಸ್ನಿಯ ಸುರಂಗ ಮನೆಯ ಕೆಳಗಲ್ಲ, ತೋಟದ ಕೆಳಗೆ. ಆದರೆ ಮೇಲೆ ಜಾಗ ಸಿಗದಾಗ ಕೆಳಗೆ ಇಳಿಯೋ ಉಪಾಯ ಅದೇ.

ರೈಲಿಗಾಗಿ ಹುಟ್ಟಿದ ಊರು

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಶಿಕಾಗೋದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. 1906ರಲ್ಲಿ ಕುಟುಂಬ ಮಿಸ್ಸೌರಿ ರಾಜ್ಯದ ಮಾರ್ಸಲೀನ್ ಅನ್ನೋ ಸಣ್ಣ ಊರಿಗೆ ಬಂದು ಒಕ್ಕಲುತನ ಶುರುಮಾಡಿತು. ಮಾರ್ಸಲೀನ್ ರೈಲಿನಿಂದಲೇ ಹುಟ್ಟಿದ ಊರು. ಸಾಂಟಾ ಫೆ ರೈಲ್ವೆ ಕಂಪನಿ ಶಿಕಾಗೋ ಮತ್ತು ಕ್ಯಾನ್ಸಸ್ ಸಿಟಿ ನಡುವೆ ಹಳಿ ಹಾಕಿದಾಗ ಎಂಜಿನ್ನುಗಳಿಗೂ ಸಿಬ್ಬಂದಿಗೂ ಒಂದು ತಂಗುದಾಣ ಬೇಕಾಗಿ 1888ರ ಹೊತ್ತಿಗೆ ಎದ್ದ ಊರು ಅದು. ವಾಲ್ಟನ ಬಂಧು ಮೈಕ್ ಮಾರ್ಟಿನ್ ಆ ಮಾರ್ಗದಲ್ಲಿ ಎಂಜಿನ್ ಡ್ರೈವರ್. ಹುಡುಗ ಹಳಿಗೆ ಕಿವಿ ಹಚ್ಚಿ ರೈಲು ಎಷ್ಟು ದೂರದಲ್ಲಿದೆ ಅಂತ ಕೇಳುತ್ತಿದ್ದ. ಉಕ್ಕಿನಲ್ಲಿ ಶಬ್ದ ಗಾಳಿಗಿಂತ ಹದಿನೈದು ಪಟ್ಟು ವೇಗವಾಗಿ ಹೋಗುತ್ತೆ ಅನ್ನೋದನ್ನ ನಾವು ಫಿಸಿಕ್ಸ್ ಪುಸ್ತಕದಲ್ಲಿ ಓದಿದ್ದು, ಆ ಹುಡುಗ ಕಿವಿಯಿಂದಲೇ ಕಲಿತಿದ್ದ.

ಈ ಭಾಗ ಓದುವಾಗ ನಮಗೆ ನಮ್ಮ ಕಡೆಯ ನೆನಪಾಯಿತು. ವಳಕಮದಿನ್ನಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನ ಹುಡುಗರಿಗೆ ಹಳಿಗೆ ಕಿವಿ ಹಚ್ಚೋ ಭಾಗ್ಯ ಇರಲಿಲ್ಲ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಅದು ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಪ್ಯಾಸೆಂಜರ್ ರೈಲು ತಂದದ್ದು 2024ರಲ್ಲಿ. ಅಂದ್ರೆ ನಾವು ಹುಟ್ಟೋದಕ್ಕಿಂತ ಮೊದಲೇ ಮಂಜೂರಾಗಿದ್ದ ರೈಲು ನಾವು ಪಿಯುಸಿ ಮಟ್ಟಕ್ಕೆ ಬಂದ ಮೇಲೆ ಬಂತು. ಅದಕ್ಕೇ ಇರಬೇಕು, ರೈಲು ಅಂದ್ರೆ ದೂರದಲ್ಲಿರೋ ದೊಡ್ಡ ಲೋಕ ಅನ್ನೋ ಭಾವನೆ ನಮಗೂ ಚೆನ್ನಾಗಿ ಗೊತ್ತು. ಮಾರ್ಸಲೀನ್ ಹುಡುಗನಿಗೆ ಆ ಲೋಕ ಮನೆ ಹತ್ತಿರವೇ ಹಾದು ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಒಕ್ಕಲುತನ ಕೈ ಹಿಡಿಯಲಿಲ್ಲ. 1911ರಲ್ಲಿ ಕುಟುಂಬ ಕ್ಯಾನ್ಸಸ್ ಸಿಟಿಗೆ ಹೋಯಿತು. ಅಲ್ಲಿ ವಾಲ್ಟ್ ಮತ್ತು ಅಣ್ಣ ರಾಯ್ ನಸುಕಿನಲ್ಲಿ ಎದ್ದು ಮನೆಮನೆಗೆ ಪೇಪರ್ ಹಾಕುತ್ತಿದ್ದರು. 1917ರ ಬೇಸಿಗೆ ರಜೆಯಲ್ಲಿ, ಹದಿನೈದು ವರ್ಷದ ವಾಲ್ಟ್ ರೈಲಿನಲ್ಲಿ ಪೇಪರ್, ಹಣ್ಣು, ಮಿಠಾಯಿ, ಸೋಡಾ ಮಾರೋ ಕೆಲಸಕ್ಕೆ ಸೇರಿದ. ನಮ್ಮ ರೈಲುಗಳಲ್ಲಿ ಶೇಂಗಾ, ಚಹಾ ಮಾರೋ ಹುಡುಗರ ಥರಾನೇ. ವ್ಯಾಪಾರದಲ್ಲಿ ನಷ್ಟವೇ ಆಯ್ತು. ಆದರೆ ಡ್ರೈವರಿಗೂ ಬೆಂಕಿ ಹಾಕೋನಿಗೂ ತಂಬಾಕು ಕೊಟ್ಟು ಎಂಜಿನ್ನಿನಲ್ಲಿ ಕೂತು ಹೋಗೋ ಅವಕಾಶ ಗಿಟ್ಟಿಸಿದ. ಲೆಕ್ಕದ ಪುಸ್ತಕದಲ್ಲಿ ಸೋತ ಆ ಬೇಸಿಗೆ ಅವನ ಮನಸ್ಸಿನಲ್ಲಿ ಕೊನೆತನಕ ಉಳಿಯಿತು.

ಮಿಕ್ಕಿ ತನಕ, ಮಿಕ್ಕಿ ಆದಮೇಲೆ

ಮುಂದಿನದು ಎಲ್ಲರಿಗೂ ಗೊತ್ತಿರೋ ಕಥೆ, ಬೇಗ ಹೇಳಿ ಮುಗಿಸ್ತೀವಿ. ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ ರೆಡ್ ಕ್ರಾಸ್ ಆಂಬುಲೆನ್ಸ್ ಡ್ರೈವರಾಗಿ ಫ್ರಾನ್ಸಿಗೆ ಹೋಗಿ ಬಂದರು. ಕ್ಯಾನ್ಸಸ್ ಸಿಟಿಯಲ್ಲಿ ಕಟ್ಟಿದ ಮೊದಲ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿ ಆಯ್ತು. ಅದೇ ವರ್ಷ ರೈಲು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದು ಅಣ್ಣ ರಾಯ್ ಜೊತೆ ಹೊಸ ಸ್ಟುಡಿಯೋ ಶುರುಮಾಡಿದರು. ಅಲ್ಲಿ ಚಿತ್ರಗಳಿಗೆ ಶಾಯಿ ತುಂಬೋ ಕೆಲಸಕ್ಕೆ ಬಂದ ಲಿಲಿಯನ್ ಬೌಂಡ್ಸ್ ಅವರನ್ನು 1925ರಲ್ಲಿ ಮದುವೆಯಾದರು. 1928ರಲ್ಲಿ ಆಸ್ವಾಲ್ಡ್ ಅನ್ನೋ ಮೊಲದ ಪಾತ್ರದ ಹಕ್ಕು ಕೈತಪ್ಪಿ ನ್ಯೂಯಾರ್ಕಿನಿಂದ ಬರಿಗೈಯಲ್ಲಿ ವಾಪಸ್ ಬರಬೇಕಾಯಿತು. ಆ ವಾಪಸ್ ಪ್ರಯಾಣದ ರೈಲಿನಲ್ಲೇ ಮಿಕ್ಕಿಯ ಕಲ್ಪನೆ ಹುಟ್ಟಿತು ಅಂತ ಡಿಸ್ನಿ ಮುಂದೆ ಹೇಳಿಕೊಳ್ಳುತ್ತಿದ್ದರು. ಅದೇ ವರ್ಷ ನವೆಂಬರಿನಲ್ಲಿ ಮಿಕ್ಕಿಯ ಸೌಂಡ್ ಸಿನಿಮಾ ತೆರೆಗೆ ಬಂತು, 1937ರಲ್ಲಿ ಸ್ನೋ ವೈಟ್.

ಆಮೇಲೆ ಏರಿದ್ದು ಇಳಿಯೋಕೆ ಶುರುವಾಯ್ತು. 1941ರಲ್ಲಿ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದರು. ಅದು ಡಿಸ್ನಿಯ ಮನಸ್ಸಿಗೆ ಆಳವಾಗಿ ನಾಟಿತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಸ್ಟುಡಿಯೋ ಸಾಲದಲ್ಲಿ ಬಿತ್ತು. ಯುದ್ಧ ಮುಗಿದಾಗ ಅವರು ನಲವತ್ತು ದಾಟಿದ, ದಣಿದ, ತನ್ನದೇ ಸ್ಟುಡಿಯೋದಲ್ಲಿ ಖುಷಿ ಕಳೆದುಕೊಂಡ ಮನುಷ್ಯ.

1947ರ ಡಿಸೆಂಬರಿನಲ್ಲಿ ಅವರು ತನಗೇ ಒಂದು ಉಡುಗೊರೆ ಕೊಂಡರು. ಲಯನೆಲ್ ಕಂಪನಿಯ ಎಲೆಕ್ಟ್ರಿಕ್ ರೈಲಿನ ಸೆಟ್. ಆಫೀಸಿನ ಪಕ್ಕದ ರೂಮಿನಲ್ಲಿ ಹಳಿ ಜೋಡಿಸಿ, ಕೆಲಸದ ನಡುವೆ ಹೋಗಿ ಓಡಿಸಿ ಬರುತ್ತಿದ್ದರು. ಚಿಕ್ಕವನಿದ್ದಾಗ ಆಸೆಪಟ್ಟರೂ ಸಿಗದ ಆಟಿಕೆ ನಲವತ್ತಾರರಲ್ಲಿ ಸಿಕ್ಕಿತ್ತು.

ಅವರ ಸ್ಟುಡಿಯೋದಲ್ಲೇ ಇನ್ನೂ ದೊಡ್ಡ ಹುಚ್ಚರಿದ್ದರು. ಕಲಾವಿದ ಆಲಿ ಜಾನ್‌ಸ್ಟನ್ ಮನೆಯಂಗಳದಲ್ಲಿ 1:12 ಸ್ಕೇಲಿನ ಉಗಿ ರೈಲು ಕಟ್ಟುತ್ತಿದ್ದರು. ವಾರ್ಡ್ ಕಿಂಬಾಲ್ ಅವರ ಹಿತ್ತಲಲ್ಲಂತೂ ನಿಜವಾದ ನ್ಯಾರೋಗೇಜ್ ಎಂಜಿನ್ನೇ ನಿಂತಿತ್ತು. 1948ರಲ್ಲಿ ಡಿಸ್ನಿ ಮತ್ತು ಕಿಂಬಾಲ್ ಶಿಕಾಗೋದ ರೈಲ್ರೋಡ್ ಮೇಳಕ್ಕೆ ಹೋದರು. ಹಳೆ ಕಾಲದ ಎಂಜಿನ್ನುಗಳನ್ನ ಹತ್ತಿ ಓಡಿಸಿದರು. ವಾಪಸ್ ಬಂದವರ ತಲೆಯಲ್ಲಿ ಎರಡು ವಿಷಯ ಕೂತಿದ್ದವು: ಒಂದು ಮಕ್ಕಳ ಪಾರ್ಕು, ಇನ್ನೊಂದು ತನ್ನದೇ ಒಂದು ಉಗಿಬಂಡಿ.

ಯಜಮಾನರು ಅಪ್ರೆಂಟಿಸ್ ಆದದ್ದು

ಎಂಜಿನ್ನಿನ ಜವಾಬ್ದಾರಿ ಸ್ಟುಡಿಯೋದ ಮಷಿನ್ ಶಾಪ್ ಮುಖ್ಯಸ್ಥ ರೋಜರ್ ಬ್ರೋಗಿ ಅವರದ್ದು. ಹತ್ತೊಂಬತ್ತನೇ ಶತಮಾನದ ಸೆಂಟ್ರಲ್ ಪೆಸಿಫಿಕ್ ಕಂಪನಿಯ 173ನೇ ನಂಬರಿನ ಎಂಜಿನ್ನಿನ ಡ್ರಾಯಿಂಗ್ ಇಟ್ಟುಕೊಂಡು 1:8 ಸ್ಕೇಲಿನಲ್ಲಿ ಕಟ್ಟೋದು ಅಂತ ಆಯ್ತು. ಹಳಿಗಳ ಅಂತರ ಏಳೂಕಾಲು ಇಂಚು, ಅಂದ್ರೆ 184 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನ ಎಂಟರಿಂದ ಭಾಗಿಸಿದರೆ 210ರ ಹತ್ತಿರ ಬರುತ್ತೆ. ಇಷ್ಟು ಗಾತ್ರದ ಎಂಜಿನ್ ಅಂದ್ರೆ ದೊಡ್ಡವರೇ ಅದರ ಟೆಂಡರ್ ಮೇಲೆ ಕೂತು ಓಡಿಸಬಹುದು, ಹಿಂದಿನ ಬೋಗಿಗಳ ಮೇಲೆ ಮಕ್ಕಳು ಕುದುರೆ ಹತ್ತಿದಂಗೆ ಕೂರಬಹುದು.

ಡಿಸ್ನಿ ದುಡ್ಡು ಕೊಟ್ಟು ಸುಮ್ಮನೆ ಕೂರಲಿಲ್ಲ. ಸಂಜೆ ಹೊತ್ತು ಮಷಿನ್ ಶಾಪಿಗೆ ಹೋಗಿ ಬ್ರೋಗಿ ಕೈಕೆಳಗೆ ಲೇತ್ ಕಲಿತರು, ಶೀಟ್ ಮೆಟಲ್ ಕೆಲಸ ಕಲಿತರು. ಎಂಜಿನ್ನಿನ ಸಣ್ಣಪುಟ್ಟ ಭಾಗಗಳನ್ನು ಸ್ವಂತ ಕೈಯಿಂದ ಮಾಡಿದರು. ಕೊನೆಯ ಗಾರ್ಡ್ ಡಬ್ಬಿಯನ್ನಂತೂ ಪೂರ್ತಿ ತಾವೇ ಕಟ್ಟಿ, ಒಳಗೆ ಬೆರಳುದ್ದದ ಒಲೆಯನ್ನೂ ಇಟ್ಟರು. ಸ್ಟುಡಿಯೋದಲ್ಲಿ ಎಲ್ಲರಿಗೂ ಆರ್ಡರ್ ಕೊಡೋ ಮನುಷ್ಯ ಅಲ್ಲಿ ಮಾತ್ರ ಹೇಳಿಸಿಕೊಂಡು ಕೆಲಸ ಮಾಡ್ತಿದ್ದರು. ನಮ್ಮ ವರ್ಕ್‌ಶಾಪ್ ಕ್ಲಾಸಿನಲ್ಲಿ ಫೈಲಿಂಗ್ ಮಾಡಿ ಕೈ ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತೆ. 1949ರ ಕ್ರಿಸ್‌ಮಸ್ ಹಿಂದಿನ ದಿನ ಸ್ಟುಡಿಯೋದಲ್ಲಿ ತಾತ್ಕಾಲಿಕ ಹಳಿ ಮೇಲೆ ಎಂಜಿನ್ ಮೊದಲ ಸಲ ಉಗಿ ಬಿಟ್ಟು ಓಡಿತು. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟರು: ಲಿಲ್ಲಿ ಬೆಲ್.

ಹೂದೋಟದ ಜಗಳ

ಅಷ್ಟರಲ್ಲಿ ಲಾಸ್ ಏಂಜಲೀಸ್‌ನ ಹೋಂಬಿ ಹಿಲ್ಸ್‌ನಲ್ಲಿ, ಕ್ಯಾರೋಲ್‌ವುಡ್ ಅನ್ನೋ ರಸ್ತೆಯಲ್ಲಿ ಹೊಸ ಮನೆಗೆ ಜಾಗ ಕೊಂಡಿದ್ದರು. ಮನೆ ಎಲ್ಲಿ ಬರಬೇಕು ಅನ್ನೋದಕ್ಕಿಂತ ಹಳಿ ಎಲ್ಲಿ ಹೋಗಬೇಕು ಅನ್ನೋದೇ ಡಿಸ್ನಿಗೆ ದೊಡ್ಡ ಚಿಂತೆ. ಒಬ್ಬ ವಕೀಲರ ಕೈಲಿ ತಮಾಷೆಗೆ ಒಂದು ಒಪ್ಪಂದ ಬರೆಸಿದರು. ಈ ಜಾಗದಲ್ಲಿ ರೈಲು ಓಡಿಸೋ ಪೂರ್ಣ ಹಕ್ಕು ತನ್ನದು ಅಂತ ಹೆಂಡತಿ ಲಿಲಿಯನ್, ಮಕ್ಕಳಾದ ಡಯಾನ್ ಮತ್ತು ಶೆರನ್ ಸಹಿ ಹಾಕಬೇಕು. ಹಾಕಿದರು.

ಸಹಿ ಬಿತ್ತು, ಆದರೆ ಸಮಸ್ಯೆ ಹೋಗಲಿಲ್ಲ. ಹಳಿ ಹೋಗಬೇಕಾದ ಕಡೆಯೇ ಲಿಲಿಯನ್ ಹೂದೋಟ ಮಾಡಬೇಕು ಅಂತಿದ್ದರು. ಕಾಗದದ ಮೇಲೆ ಹಕ್ಕು ಗಂಡನದ್ದು, ಆದರೆ ಹೂವಿನ ಗಿಡದ ನಡುವೆ ಹೊಗೆ ಬಿಟ್ಟು ಹೋಗೋ ರೈಲನ್ನ ಯಾವ ಮನೆಯೊಡತಿ ಸಹಿಸ್ತಾಳೆ? ಅಲ್ಲಿ ಡಿಸ್ನಿ ಹಕ್ಕಿನ ಮಾತೆತ್ತಲಿಲ್ಲ. ತೋಟ ಮೇಲೆ ಇರಲಿ, ರೈಲು ಕೆಳಗೆ ಹೋಗಲಿ ಅಂತ ತೀರ್ಮಾನಿಸಿದರು. ಸುರಂಗದ ಉದ್ದ 90 ಅಡಿ.

ಇಲ್ಲೇ ನಮಗೆ ಇಷ್ಟವಾದ ವಿಷಯ ಇರೋದು. ಸುರಂಗ ನೇರವಾಗಿ ಮಾಡಿದರೆ ಖರ್ಚು ಕಡಿಮೆ, ಕೆಲಸ ಸುಲಭ. ಡಿಸ್ನಿ ಅದನ್ನ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿಸಿದರು. ನೇರ ಸುರಂಗದ ಬಾಯಲ್ಲಿ ನಿಂತರೆ ಆಚೆ ಬಾಯಿಯ ಬೆಳಕು ಕಾಣುತ್ತೆ, ಇಷ್ಟೇನಾ ಅನಿಸುತ್ತೆ. ತಿರುವಿದ್ದರೆ ಒಳಗೆ ಹೋದ ಮೇಲೆ ಮುಂದೆ ಕತ್ತಲು, ಹಿಂದೆಯೂ ಕತ್ತಲು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋದರೆ 27 ಮೀಟರ್ ದಾಟೋಕೆ ಸುಮಾರು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡಿನಲ್ಲಿ ಬೋಗಿ ಮೇಲೆ ಕೂತ ಮಗುವಿಗೆ ಸುರಂಗ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರಲ್ಲ. ಕೆಲಸದ ಮೇಸ್ತ್ರಿ ನೇರ ಮಾಡಿದರೆ ಅಗ್ಗ ಅಂದಾಗ, ಅಗ್ಗವೇ ಬೇಕಿದ್ದರೆ ಮಾಡದೇ ಇರೋದು ಇನ್ನೂ ಅಗ್ಗ ಅನ್ನೋ ಅರ್ಥದ ಉತ್ತರ ಕೊಟ್ಟರಂತೆ. ಒಟ್ಟು ಖರ್ಚು ಎಷ್ಟಾಯ್ತು ಅಂತ ತನಗೆ ತಿಳಿಸಲೇಬೇಡಿ ಅಂತ ಸೆಕ್ರೆಟರಿಗೆ ತಾಕೀತು ಮಾಡಿದ್ದರಂತೆ.

ಎಸ್ ತಿರುವು ಎಂಜಿನಿಯರುಗಳಿಗೆ ಪ್ರಿಯವಾದದ್ದಲ್ಲ. ಸರ್ವೇಯಿಂಗ್ ಓದಿದವರು ಇದನ್ನ ರಿವರ್ಸ್ ಕರ್ವ್ ಅಂತಾರೆ. ಒಂದು ಕಡೆ ಬಾಗಿದ ರೈಲು ತಕ್ಷಣ ಇನ್ನೊಂದು ಕಡೆ ಬಾಗಬೇಕು. ತಿರುವಿನಲ್ಲಿ ಹೊರಗಿನ ಹಳಿಯನ್ನ ಎತ್ತರಿಸೋದು ರೂಢಿ. ಇಲ್ಲಿ ಅರ್ಧ ದಾರಿಯಲ್ಲಿ ಯಾವುದು ಹೊರಗಿನದು ಅನ್ನೋದೇ ಬದಲಾಗುತ್ತೆ. ಅದಕ್ಕೆ ದೊಡ್ಡ ರೈಲ್ವೆಗಳಲ್ಲಿ ಎರಡು ತಿರುವುಗಳ ನಡುವೆ ಸ್ವಲ್ಪ ನೇರ ಹಳಿ ಬಿಡ್ತಾರೆ. ಸುಲಭವಾದದ್ದನ್ನ ಬಿಟ್ಟು ಇಂಥ ಕಷ್ಟವನ್ನು ಆರಿಸಿಕೊಂಡದ್ದು ಕೂತವರ ಕಣ್ಣಿಗೋಸ್ಕರ.

1950ರ ಮೇ 7ರಂದು ಕ್ಯಾರೋಲ್‌ವುಡ್ ಪೆಸಿಫಿಕ್ ರೈಲು ಶುರುವಾಯ್ತು. ಒಟ್ಟು ಹಳಿ 2,615 ಅಡಿ, ಅಂದ್ರೆ 797 ಮೀಟರ್. 1:8ರ ಲೆಕ್ಕದಲ್ಲಿ ಅದು ಆರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಸುರಂಗ ಸುಮಾರು 220 ಮೀಟರಿನದ್ದು. 46 ಅಡಿಯ ಮರದ ಸೇತುವೆಯೂ ಇತ್ತು. ಪಕ್ಕದಲ್ಲಿ ಮಾರ್ಸಲೀನ್‌ನ ಹಳೆ ಕೊಟ್ಟಿಗೆಯ ನೆನಪಿಗೆ ಒಂದು ಕೊಟ್ಟಿಗೆ ಕಟ್ಟಿಸಿ, ಅಲ್ಲಿಂದ ಹಳಿ ಬದಲಿಸೋ ವ್ಯವಸ್ಥೆ ಮಾಡಿಸಿದರು. ವಾರದ ಕೊನೆಗೆ ಸಿನಿಮಾ ನಟರು, ಕಲಾವಿದರು, ನೆರೆಮನೆಯ ಮಕ್ಕಳು ಬಂದು ರೈಲು ಹತ್ತುತ್ತಿದ್ದರು.

ನಿಲ್ಲಿಸಿದ ದಿನ

1953ರಲ್ಲಿ ಒಂದು ದಿನ ಅತಿಥಿಯೊಬ್ಬರು ಎಂಜಿನ್ ಓಡಿಸುತ್ತಿದ್ದರು. ತಿರುವಿನಲ್ಲಿ ವೇಗ ಹೆಚ್ಚಾಯಿತು. ತಿರುವಿನಲ್ಲಿ ಹೊರಗೆ ತಳ್ಳೋ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತೆ, ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಎಂಜಿನ್ ಹಳಿ ತಪ್ಪಿ ಉರುಳಿತು, ಸೀಟಿ ಮುರಿದು ಬಿಸಿ ಉಗಿ ಚಿಮ್ಮಿತು. ಐದು ವರ್ಷದ ಒಂದು ಹುಡುಗಿಗೆ ಸುಟ್ಟ ಗಾಯವಾಯಿತು.

ಡಿಸ್ನಿ ರೈಲನ್ನ ನಿಲ್ಲಿಸಿಬಿಟ್ಟರು. ಇನ್ನೊಂದು ಸಲ ನೋಡೋಣ, ಡ್ರೈವರ್ ಬದಲಿಸೋಣ ಅಂತ ಯೋಚಿಸಲಿಲ್ಲ. ಲಿಲ್ಲಿ ಬೆಲ್ ಸ್ಟುಡಿಯೋದ ಉಗ್ರಾಣಕ್ಕೆ ಹೋಯಿತು. ಮೂರು ವರ್ಷ ಅವರಿಗೆ ಉಸಿರು ಕೊಟ್ಟ ರೈಲು ಅದು, ಖರ್ಚನ್ನ ಕೇಳಿಸಿಕೊಳ್ಳೋಕೂ ಒಪ್ಪದೆ ಕಟ್ಟಿಸಿದ್ದು. ಒಂದು ಮಗುವಿಗೆ ಪೆಟ್ಟಾದಾಗ ಅದನ್ನ ಬಿಡೋಕೆ ಎರಡನೇ ಮಾತು ಬೇಕಾಗಲಿಲ್ಲ. ನಾವು ಪ್ರಾಜೆಕ್ಟ್ ಮಾಡುವಾಗ ಶುರುಮಾಡೋದನ್ನ ಮಾತ್ರ ಕಲಿಯುತ್ತೇವೆ. ಪ್ರೀತಿಯಿಂದ ಕಟ್ಟಿದ್ದನ್ನ ಯಾವಾಗ ನಿಲ್ಲಿಸಬೇಕು ಅನ್ನೋದಕ್ಕೆ ಯಾವ ಸೆಮಿಸ್ಟರಿನಲ್ಲೂ ಪೇಪರ್ ಇಲ್ಲ.

ಐದು ಪಟ್ಟು ದೊಡ್ಡ ಆಟ

ಹಿತ್ತಲಿನ ರೈಲು ನಿಂತಿತು, ಶಿಕಾಗೋದಿಂದ ಬರುವಾಗ ತಲೆಯಲ್ಲಿದ್ದ ಪಾರ್ಕು ಎದ್ದು ನಿಂತಿತು. ಲಾಸ್ ಏಂಜಲೀಸ್ ಹತ್ತಿರದ ಅನಾಹೈಮ್‌ನಲ್ಲಿ 160 ಎಕರೆ ಜಾಗ ಕೊಂಡರು, ಬಹುಪಾಲು ಕಿತ್ತಳೆ ತೋಟ. ದುಡ್ಡಿಗಾಗಿ ಇನ್ಶುರೆನ್ಸ್ ಪಾಲಿಸಿ ಮೇಲೆ ಸಾಲ ತೆಗೆದರು, ಎಬಿಸಿ ಟಿವಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡರು. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು, ಅವತ್ತು ಡಿಸ್ನಿ ಬಂದಿಳಿದದ್ದು ಪಾರ್ಕಿನ ರೈಲಿನಲ್ಲೇ.

ಆ ರೈಲಿನ ಮೊದಲ ಎರಡು ಎಂಜಿನ್ನುಗಳನ್ನ ಕಟ್ಟಿಸಿದ್ದು ಅದೇ ರೋಜರ್ ಬ್ರೋಗಿ. ಹಳಿಗಳ ಅಂತರ 3 ಅಡಿ. ಏಳೂಕಾಲು ಇಂಚನ್ನ ಐದರಿಂದ ಗುಣಿಸಿದರೆ ಸುಮಾರು ಅಷ್ಟೇ ಬರುತ್ತೆ. ಎಂಟನೇ ಒಂದು ಭಾಗದ ಲಿಲ್ಲಿ ಬೆಲ್ ಐದು ಪಟ್ಟು ಬೆಳೆದು ಎಂಟನೇ ಐದು ಭಾಗದ ಎಂಜಿನ್ ಆಗಿತ್ತು. ಪಾರ್ಕು ಕಂಪನಿಯದ್ದಾದರೂ ರೈಲನ್ನ ಮಾತ್ರ ಡಿಸ್ನಿ ಬಹಳ ಕಾಲ ತಮ್ಮ ಕುಟುಂಬದ ಸ್ವಂತ ಸಂಸ್ಥೆಯ ಹೆಸರಿನಲ್ಲೇ ಇಟ್ಟುಕೊಂಡಿದ್ದರು.

ಈ ರೈಲು ಪಾರ್ಕಿನ ಸುತ್ತ ಎತ್ತರಿಸಿದ ಮಣ್ಣಿನ ಏರಿಯ ಮೇಲೆ ಓಡುತ್ತೆ. ನಮ್ಮ ಕಡೆ ಇದನ್ನ ದಿನ್ನಿ ಅಂತಿದ್ದೆವು, ವಳಕಮದಿನ್ನಿಯ ಹೆಸರಲ್ಲಿರೋ ದಿನ್ನಿ. ಒಳಗಿರೋರಿಗೆ ಹೊರಗಿನ ರಸ್ತೆ, ಕರೆಂಟ್ ಕಂಬ ಕಾಣಬಾರದು ಅನ್ನೋದು ಆ ಏರಿಯ ಉದ್ದೇಶ. ಸುರಂಗದ ತಿರುವು ಆಚೆ ಬಾಯಿಯನ್ನ ಮರೆಮಾಡಿತ್ತು, ಇಲ್ಲಿ ದಿನ್ನಿ ಊರನ್ನೇ ಮರೆಮಾಡಿತು. ಹೂದೋಟದ ಕೆಳಗೆ ಹತ್ತು ಸೆಕೆಂಡಿಗೆ ಮಾಡಿ ನೋಡಿದ್ದನ್ನ ಅನಾಹೈಮ್‌ನಲ್ಲಿ ಇಡೀ ದಿನಕ್ಕೆ ಮಾಡಿದರು ಅಂತ ನಮಗನಿಸುತ್ತೆ. ಹಿತ್ತಲಿನ ಆಟ ವ್ಯರ್ಥ ಅಂತ ಆಗ ಯಾರಾದರೂ ಲೆಕ್ಕ ಹಾಕಿದ್ದರೆ ಈ ಸಾಲು ಆ ಲೆಕ್ಕದಲ್ಲಿ ಬರ್ತಿರಲಿಲ್ಲ.

ವಾಲ್ಟ್ ಡಿಸ್ನಿ ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು ತೀರಿಕೊಂಡರು, 65 ತುಂಬಿ ಹತ್ತು ದಿನಕ್ಕೆ. ಕ್ಯಾರೋಲ್‌ವುಡ್ ಮನೆ ಈಗಿಲ್ಲ. ಕೊಟ್ಟಿಗೆಯನ್ನ ಬಿಚ್ಚಿ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ತಂದು ಮತ್ತೆ ಜೋಡಿಸಿದ್ದಾರೆ, ರೈಲುಪ್ರಿಯರು ಅದನ್ನ ನೋಡಿಕೊಳ್ತಾರೆ. ಲಿಲ್ಲಿ ಬೆಲ್ ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ನಿ ಫ್ಯಾಮಿಲಿ ಮ್ಯೂಸಿಯಮ್ಮಿನಲ್ಲಿದೆ. ಅಷ್ಟು ದೂರ ಹೋಗೋಕೆ ಆಗದ ನಮ್ಮಂಥವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲಿದೆ, ಮೈಸೂರಿನಲ್ಲಿ ರೈಲು ಮ್ಯೂಸಿಯಂ ಇದೆ. ಮುಂದಿನ ಸಲ ಹೋದಾಗ ಎಂಜಿನ್ ಜೊತೆ ಹಳಿಯನ್ನೂ ನೋಡಿ. ತಿರುವು ಎಲ್ಲಿದೆ, ಅದು ಏನನ್ನ ಮರೆಮಾಡುತ್ತೆ ಅಂತ ಗಮನಿಸಿ.